ಓ ನೆಗೆಟಿವ್

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಲ್ಯಾಬಕ್ಕ ಎಂದೇ ಕರೆಯುವುದು. ರಕ್ತಪರೀಕ್ಷೆಯಲ್ಲಿ ಕೈ ಪಳಗಿದವಳು. ಮಾತಿನಲ್ಲಿ ಮಾತ್ರ ಮಹಾ ಜಿಪುಣಿ.

ಬೆಳಿಗ್ಗೆ ಹತ್ತಕ್ಕೆ ಆಪರೇಷನ್ ಥಿಯೇಟರಿನ ನರ್ಸ್ ಫೋನ್ ಮಾಡಿದಳು. ಅಪಘಾತದಲ್ಲಿ ಮಿದುಳು ಸತ್ತವನೊಬ್ಬನ ಕಿಡ್ನಿಯನ್ನು ಹದಿನಾರರ ಹುಡುಗಿಗೆ ಕಸಿ ಮಾಡಬೇಕಿತ್ತು. ಅದಕ್ಕೆ ಮೊದಲು ಅವನ ರಕ್ತದಲ್ಲಿ ಸೋಂಕಿಲ್ಲವೆಂದು ಲ್ಯಾಬ್ ಹೇಳಬೇಕು.

“ಡೋನರ್‌ದು ಏನ್ ಬಂತು? ಅಕ್ಕಾ? ಅಕ್ಕಾ!”

ಸೋಂಕಿನ ಪರೀಕ್ಷೆ ಇನ್ನೂ ಯಂತ್ರದಲ್ಲಿತ್ತು. ಲ್ಯಾಬಕ್ಕನ ಕೈಯಲ್ಲಿದ್ದುದು ರಕ್ತದ ಗುಂಪಿನ ಚೀಟಿ. “ಓ ನೆಗೆಟಿವ್,” ಎಂದು ಅದನ್ನೇ ಓದಿ ಫೋನ್ ಇಟ್ಟಳು.

ಹನ್ನೊಂದೂವರೆಗೆ ಯಂತ್ರದಿಂದ ವರದಿ ಬಂತು. ಎಚ್‌ಐವಿ ಪಾಸಿಟಿವ್. ಸತ್ತವನಿಗಾದರೂ ಗೊತ್ತಿತ್ತೋ ಇಲ್ಲವೋ, ಪಾಪ. ಈ ಕಿಡ್ನಿ ಬೇಡವೆಂದು ತಿಳಿಸಲು ಲ್ಯಾಬಕ್ಕ ಫೋನ್ ಮಾಡಿದಳು.

“ಏನಕ್ಕಾ ಹೀಗಂತೀರಾ?” ನರ್ಸ್ ಕೂಗಿದಳು. “ನಾನು ಅಕ್ಕಾ ಅಂದೆ, ನೀವು ಓ ಅಂದ್ರಿ. ಆಮೇಲೆ ನೆಗೆಟಿವ್ ಅಂದ್ರಿ. ಹುಡುಗೀನ ಒಳಗೆ ತಗೊಂಡು ಮುಕ್ಕಾಲು ಗಂಟೆ ಆಯ್ತು!”

“ಅದು ಗ್ರೂಪ್ ಕಣೇ! ಓಡು, ನಿಲ್ಸು!”

ರಕ್ತದ ಗುಂಪಿನ ಓ, ಕರೆಗೆ ಓಗೊಟ್ಟಂತೆ ಕೇಳಿಸುತ್ತದೆಂದು ಯಾರಿಗೆ ಗೊತ್ತಿತ್ತು? ಲ್ಯಾಬಕ್ಕ ಎದ್ದೆನೋ ಬಿದ್ದೆನೋ ಎಂದು ಮೂರು ಮಹಡಿ ಹತ್ತಿದಳು. ಒಂದು ರಕ್ತನಾಳ ಕೂಡಿಸಿದ್ದರೂ ಮುಗಿಯಿತು, ಎಳೆಯ ಹುಡುಗಿ, ದೇವರೇ, ಎಂದು ಮೆಟ್ಟಿಲು ಮೆಟ್ಟಿಲಿಗೂ ಬಡಬಡಿಸಿದಳು.

ಥಿಯೇಟರಿನ ಬಾಗಿಲಲ್ಲಿ ಹುಡುಗಿಯ ಅಪ್ಪ ನಿಂತಿದ್ದ. ಅವನ ಮುಖ ನೋಡುವ ಧೈರ್ಯವಾಗದೆ ಲ್ಯಾಬಕ್ಕ ಗೋಡೆ ಹಿಡಿದು ನಿಂತಳು.

ಐದು ನಿಮಿಷಕ್ಕೆ ಸರ್ಜನ್ ಹೊರಗೆ ಬಂದರು. “ಹೊಟ್ಟೆ ಕೊಯ್ದಿದ್ವಿ, ಕಿಡ್ನಿ ಇನ್ನೂ ಐಸಲ್ಲೇ ಇತ್ತು. ಹೊಲಿಗೆ ಹಾಕ್ತಿದೀವಿ. ಆ ಕಿಡ್ನೀಲಿ ಸೋಂಕಿತ್ತಂತೆ. ಇವರು ಸರಿಯಾದ ಟೈಮಿಗೆ ಹೇಳಿದ್ರು,” ಎಂದು ಲ್ಯಾಬಕ್ಕನತ್ತ ಕೈ ತೋರಿಸಿ ಒಳಗೆ ಹೋದರು.

ಅಪ್ಪ ಅವಳ ಎರಡೂ ಕೈ ಹಿಡಿದುಕೊಂಡು ಗಳಗಳನೆ ಅತ್ತ. “ನನ್ನ ಮಗೂನ ಉಳಿಸಿದ್ಯಲ್ಲ ತಾಯಿ!”

ಸುಮ್ಮನಿದ್ದರೆ ತಪ್ಪು ತನ್ನದೆಂದು ಇವನಿಗೆ ತಿಳಿಯುವುದೇ ಇಲ್ಲ. ಸುಮ್ಮನಿರುವ ಆಸೆಯೂ ಆಯಿತು. ಮೆಟ್ಟಿಲು ಹತ್ತುವಾಗಿನ ಹೆದರಿಕೆ ಏನೂ ಅಲ್ಲ, ಈಗಿನದು ಅದಕ್ಕಿಂತ ದೊಡ್ಡದಾಗಿತ್ತು.

“ಅಣ್ಣಾ, ಮಗಳ ಹೊಟ್ಟೆ ಮೇಲಿನ ಆ ಗಾಯ ಆಗಿದ್ದು ನನ್ನಿಂದ,” ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಕೈಯನ್ನೂ ಬಿಡಲಿಲ್ಲ. ಲ್ಯಾಬಕ್ಕ ಇನ್ನೊಮ್ಮೆ ಹೇಳಬೇಕಾಯಿತು.