ಅಗರದ ಗೇಟಿಗೆ ನೂರು ಮಿಲಿ

ಮದುವೆಯಾದ ಮೂರು ವರ್ಷ ನಾನು ತವರಿಗೆ ಹೋದದ್ದೆಲ್ಲ ಬಸ್ಸಿನಲ್ಲಿ. ನಮ್ಮವರು ಅದೇ ಬಸ್ಸಿನ ಹಿಂದೆ ಬೈಕಿನಲ್ಲಿ ಒಬ್ಬರೇ ಬರುತ್ತಿದ್ದರು. ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ದನಿ ತಗ್ಗಿಸಿ, ‘ಇಬ್ರಿಗೂ ಮಾತುಕತೆ ಅದಾನವ್ವ?’ ಎನ್ನುತ್ತಿದ್ದರು. ಮಾತುಕತೆಗೇನೂ ಕೊರತೆ ಇರಲಿಲ್ಲ. ಇಬ್ಬರು ಕೂತರೆ ಮೈಲೇಜು ಬೀಳುತ್ತದೆ, ಅಷ್ಟೆ.

ನಮ್ಮವರ ಹೆಸರು ಮಹದೇವಸ್ವಾಮಿ. ಊರು ಮುಳ್ಳೂರು, ಕೆಲಸ ಕೊಳ್ಳೇಗಾಲದ ಒಂದು ಸೊಸೈಟಿಯಲ್ಲಿ ಗುಮಾಸ್ತಗಿರಿ. ಮನುಷ್ಯ ಒಳ್ಳೆಯವರು. ಕುಡಿತವಿಲ್ಲ, ಇಸ್ಪೀಟಿಲ್ಲ, ಕೂಗಾಟವಿಲ್ಲ. ಇದ್ದ ಒಂದೇ ಹುಚ್ಚು ಆ ನೂರು ಸಿಸಿ ಬೈಕು. ಲೀಟರಿಗೆ ಎಂಬತ್ತು ಕಿಲೋಮೀಟರ್ ಕೊಡುತ್ತದೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಬೇಕಲ್ಲ. ಸ್ಪೀಡಿನ ಮುಳ್ಳು ನಲವತ್ತು ದಾಟುತ್ತಿರಲಿಲ್ಲ. ಇಳಿಜಾರು ಕಂಡರೆ ಇಂಜಿನ್ ಆಫ್. ದೊಡ್ಡ ಗಾಡಿಯ ಬೆನ್ನಿಗೆ ಬಿದ್ದರೆ ಗಾಳಿ ಎದೆಗೆ ಹೊಡೆಯುವುದಿಲ್ಲ, ಪೆಟ್ರೋಲ್ ಉಳಿಯುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದರು. ಹಾಗಾಗಿ ನಾನು ಕೂತ ಬಸ್ಸು ಅವರ ಪಾಲಿಗೆ ಗಾಳಿ ತಡೆಯುವ ಗೋಡೆ. ಹಿಂದಿನ ಸೀಟಿನಲ್ಲಿ ಕೂತು ಗಾಜಿನಾಚೆ ನೋಡಿದರೆ ಧೂಳು ಕುಡಿಯುತ್ತ ಬರುವ ಗಂಡ. ನಾನು ಕೈ ಬೀಸಿದರೆ ತಿರುಗಿ ಬೀಸುತ್ತಿರಲಿಲ್ಲ. ಕೈ ಎತ್ತಿದರೂ ಗಾಳಿ ಹಿಡಿಯುತ್ತದಂತೆ.

ಎರಡು ಸಾವಿರದ ಮೂರನೇ ಇಸವಿಯಲ್ಲಿ ಪೆಟ್ರೋಲಿಗೆ ಕಬ್ಬಿನ ಸ್ಪಿರಿಟ್ ಬೆರೆಸುತ್ತಾರೆ ಎಂದು ಪೇಪರಿನಲ್ಲಿ ಬಂತು. ನಮ್ಮವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಹನೂರಿನ ಕಡೆ ಇನ್ನೂ ಬೆರಕೆಯಿಲ್ಲದ ಹಳೆಯ ಸ್ಟಾಕು ಸಿಗುತ್ತದೆ ಎಂದು ಯಾರೋ ಅಂದಿದ್ದೇ ತಡ, ಅಷ್ಟು ದೂರ ಹೋಗಿ ತುಂಬಿಸಿಕೊಂಡು ಬಂದರು.

‘ಹೋಗಿ ಬರಕ್ಕೇ ಅರ್ಧ ಲೀಟರ್ ಸುಟ್ರಲ್ಲ’ ಎಂದೆ.

‘ಅದು ಬ್ಯಾರೆ ಲೆಕ್ಕ ಕಣಮ್ಮಿ’ ಎಂದರು.

ಆಮೇಲೆ ಮೈಸೂರಿನಿಂದ ಮೈಲೇಜ್ ಮಾತ್ರೆ ಎಂದು ಒಂದು ಡಬ್ಬಿ ತಂದರು. ಟ್ಯಾಂಕಿಗೆ ಎರಡು ಹಾಕಿದರೆ ಲೀಟರಿಗೆ ಐದು ಜಾಸ್ತಿಯಂತೆ. ಮೂಸಿ ನೋಡಿದೆ. ಸೀರೆ ಪೆಟ್ಟಿಗೆಗೆ ಹಾಕುವ ನುಸಿ ಗುಳಿಗೆ! ಹೇಳಿದರೆ ನಂಬಲಿಲ್ಲ. ಅರ್ಧ ಡಬ್ಬಿ ಎತ್ತಿ ನನ್ನ ಪೆಟ್ಟಿಗೆಗೆ ಹಾಕಿಕೊಂಡೆ. ಒಂದು ಹುಳವೂ ಬರಲಿಲ್ಲ, ಮಾತ್ರೆ ಒಳ್ಳೆಯದೇ.

ಇದನ್ನೆಲ್ಲ ನಮ್ಮತ್ತೆ ಚಿಕ್ಕನಿಂಗಮ್ಮ ಜಗಲಿಯ ಮೇಲೆ ಕೂತು ಎಲೆಅಡಿಕೆ ಹಾಕುತ್ತ ನೋಡುತ್ತಿದ್ದರು. ಪೆಟ್ರೋಲಿಗೆ ಏನಾದರೂ ಒಳ್ಳೆಯದು ಬೆರೆಸಿದರೆ ಗಾಡಿ ಹೆಚ್ಚು ದೂರ ಓಡುತ್ತದೆ ಎಂಬುದು ಅವರ ತಲೆಯಲ್ಲಿ ಚೆನ್ನಾಗಿ ಕೂತುಬಿಟ್ಟಿತ್ತು.

ಅದೇ ವರ್ಷ ಅಗರದಲ್ಲಿ, ನನ್ನ ತವರಿನಲ್ಲಿ, ತಂಗಿ ಕವಿತಳ ಸೀಮಂತ ಗೊತ್ತಾಯಿತು. ಅವಳ ಗಂಡ ಶಿವಶಂಕರ ಅವಳನ್ನು ಸಂತೆಗೂ ಬೈಕಿನಲ್ಲೇ ಕರೆದುಕೊಂಡು ಹೋಗುವವನು. ನಾನು ಊರಿಗೆ ತಿರುಗುವ ಅಗರದ ಗೇಟಿನಲ್ಲಿ ಬಸ್ಸಿಳಿದು, ಹಿಂದೆಯೇ ನಮ್ಮವರ ಖಾಲಿ ಸೀಟಿನ ಬೈಕು ಬಂದು ನಿಂತಾಗ, ಟೀ ಅಂಗಡಿಯಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ನನ್ನ ಅಪ್ಪ ಚೆನ್ನಯ್ಯ ಮಾತ್ರ ಏನೂ ಕೇಳುತ್ತಿರಲಿಲ್ಲ. ಅವರು ಕೇಳದೆ ಇರುವುದೇ ನನಗೆ ಹೆಚ್ಚು ನೋವು. ಈ ಸಲವಾದರೂ ಗಂಡನ ಹಿಂದೆ ಕೂತು, ಊರವರ ಕಣ್ಣೆದುರಿಗೆ, ಅಪ್ಪನ ಎದುರಿಗೆ ಇಳಿಯಬೇಕು. ನನಗೆ ಬೇಕಿದ್ದದ್ದು ಅದೊಂದೇ.

ಸೀಮಂತಕ್ಕೆ ವಾರವಿರುವಾಗ ಕೊಳ್ಳೇಗಾಲದ ಒಂದು ಷೋರೂಮಿನವರು ಮೈಲೇಜ್ ಸ್ಪರ್ಧೆಯ ಪಾಂಪ್ಲೆಟ್ ಹಂಚಿದರು. ಟ್ಯಾಂಕು ಬರಿದು ಮಾಡಿ, ತಳದಲ್ಲಿ ಪೈಪು ಸಿಕ್ಕಿಸಿದ ಬಾಟಲಿಯಲ್ಲಿ ನೂರು ಮಿಲಿ ಪೆಟ್ರೋಲ್ ಕೊಡುತ್ತಾರೆ. ಯಳಂದೂರು ರಸ್ತೆಯಲ್ಲಿ ಯಾರು ಹೆಚ್ಚು ದೂರ ಹೋಗುತ್ತಾರೋ ಅವರಿಗೆ ಬಹುಮಾನ. ಗಾಡಿಯ ಮೇಲೆ ಇಬ್ಬರು ಇರಲೇಬೇಕು, ಹಿಂದೆ ಕೂತವರು ಬಾಟಲಿ ಎತ್ತಿ ಹಿಡಿದಿರಬೇಕು. ದಿನ ಯಾವುದು ನೋಡಿದರೆ ಸೀಮಂತದ ದಿನವೇ, ಬೆಳಗ್ಗೆ.

ನಾನು ಕುಣಿದಾಡಿದೆ. ಅಗರದ ಗೇಟು ಇರುವುದೂ ಅದೇ ರಸ್ತೆಯಲ್ಲಿ. ಇವರ ಲೆಕ್ಕದ ಪ್ರಕಾರ ನೂರು ಮಿಲಿಗೆ ಗಾಡಿ ಹೆಚ್ಚು ಕಡಿಮೆ ಅಲ್ಲಿಗೇ ಬಂದು ನಿಲ್ಲಬೇಕು. ಹಸಿರು ಸೀರೆಗೆ ಇಸ್ತ್ರಿ ಹಾಕಿಸಿಟ್ಟೆ. ಮಾರನೆಯ ದಿನ ಇವರು ನನ್ನನ್ನೂ ಅತ್ತೆಯನ್ನೂ ಅಕ್ಕಿ ಗಿರಣಿಗೆ ಕರೆದೊಯ್ದು, ಮೂಟೆ ತೂಗುವ ಯಂತ್ರದ ಮೇಲೆ ಒಬ್ಬೊಬ್ಬರನ್ನೇ ಹತ್ತಿಸಿದರು.

‘ಅವ್ವ ಮೂವತ್ತೊಂಬತ್ತು. ಪದ್ಮಿನಿ, ನೀನು ಅರವತ್ತೊಂದು’ ಎಂದರು, ನೆಲ ನೋಡುತ್ತ.

‘ಅದಕ್ಕೆ?’

‘ಇಪ್ಪತ್ತೆರಡು ಕೆಜಿ ವ್ಯತ್ಯಾಸ ಕಣಮ್ಮಿ. ಎಚ್ಚುಕಮ್ಮಿ ಅರ್ಧ ಮೂಟೆ ಸಿಮೆಂಟು.’

ಗಿರಣಿಯವನು ಬೇರೆ ಕಡೆ ತಿರುಗಿ ನಕ್ಕ. ಪರರ ಎದುರಿಗೆ ನನ್ನನ್ನು ಸಿಮೆಂಟಿನ ಲೆಕ್ಕದಲ್ಲಿ ತೂಗಿದ ಮನುಷ್ಯನ ಜೊತೆ ನಾನು ಆಮೇಲೆ ತುಟಿ ಬಿಚ್ಚಲಿಲ್ಲ. ಮೂರು ವರ್ಷದಿಂದ ಊರವರು ಅನುಮಾನಪಟ್ಟದ್ದು ಆ ವಾರ ನಿಜವಾಯಿತು.

ಸೀಮಂತದ ಬೆಳಗ್ಗೆ ಮಡಿಲು ತುಂಬುವ ಸಾಮಾನಿನ ಚೀಲ ಹಿಡಿದು ಕೊಳ್ಳೇಗಾಲದಲ್ಲಿ ಯಳಂದೂರು ಬಸ್ಸು ಹತ್ತಿದೆ. ಹಿಂದಿನ ಸೀಟೇ ಖಾಲಿ ಇತ್ತು. ಈವತ್ತು ತಿರುಗಿ ನೋಡಿದರೆ ಕೇಳಿ ಎಂದು ನನಗೆ ನಾನೇ ಆಣೆ ಇಟ್ಟುಕೊಂಡು ಕೂತೆ. ಊರು ದಾಟುವಷ್ಟರಲ್ಲಿ ಬಸ್ಸಿನಲ್ಲಿದ್ದವರೆಲ್ಲ ಹಿಂದಕ್ಕೆ ಬಗ್ಗಿ ಬಗ್ಗಿ ನಗತೊಡಗಿದರು. ಆಣೆ ಎಷ್ಟು ಹೊತ್ತು ನಿಂತೀತು?

ನಮ್ಮವರು ಅಭ್ಯಾಸಬಲದಿಂದ ಬಸ್ಸಿನ ಬೆನ್ನಿಗೇ ಬಿದ್ದಿದ್ದರು. ಅವರ ಹಿಂದೆ ಅತ್ತೆ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ಒಂದು ಕೈಯಲ್ಲಿ ಮಗನ ಕಾಲರು ಹಿಡಿದು, ಇನ್ನೊಂದು ಕೈಯಲ್ಲಿ ಬಾಟಲಿ ಎತ್ತಿಕೊಂಡು, ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಿಡಿದು ನಿಂತವರಂತೆ ಬರುತ್ತಿದ್ದರು. ಬೈಕಿನ ಹಿಂದೆ ಷೋರೂಮಿನವರ ಜೀಪು. ನನಗೆ ನಗು ಬಂತು, ಹೊಟ್ಟೆಯೂ ಉರಿಯಿತು, ಎರಡೂ ಒಟ್ಟಿಗೆ. ಅದು ನಾನು ಕೂರಬೇಕಾದ ಜಾಗ.

ಅಗರದ ಗೇಟು ಹತ್ತಿರವಾಯಿತು. ಅಲ್ಲಿಯವರೆಗೆ ಎಲ್ಲರಿಗಿಂತ ಹೆಚ್ಚು ದೂರ ಹೋದವನ ಗುರುತಿಗೆ ರಸ್ತೆಬದಿಯಲ್ಲಿ ನೆಟ್ಟಿದ್ದ ಕೆಂಪು ಬಾವುಟ ಮುಂದೆ ಕಾಣಿಸಿತು. ಅತ್ತೆಯ ಕೈಯ ಬಾಟಲಿಯಲ್ಲಿ ಇನ್ನೂ ಒಂದು ಬೆರಳು ಪೆಟ್ರೋಲ್ ಇತ್ತು. ಗೆದ್ದೇಬಿಟ್ಟರು ಎಂದುಕೊಂಡೆ. ಸಿಟ್ಟಿದ್ದರೂ ಸೀಟಿನ ಮೇಲೆ ಮಂಡಿಯೂರಿ ಗಾಜಿಗೆ ಮುಖ ಒತ್ತಿದೆ; ಎಷ್ಟಾದರೂ ನನ್ನ ಗಂಡ ತಾನೆ. ಅಷ್ಟರಲ್ಲಿ ಅತ್ತೆ ಮಗನ ಕಾಲರು ಬಿಟ್ಟು, ಸೆರಗಿನ ಗಂಟಿನಿಂದ ಒಂದು ಪುಟ್ಟ ಶೀಷೆ ತೆಗೆದರು. ಹಲ್ಲಿನಲ್ಲಿ ಮುಚ್ಚಳ ಕಿತ್ತರು. ಶೀಷೆಯನ್ನು ಕಣ್ಣಿಗೆ ಒತ್ತಿಕೊಂಡು, ಒಳಗಿದ್ದದ್ದನ್ನೆಲ್ಲ ಪೆಟ್ರೋಲಿನ ಬಾಟಲಿಗೆ ಸುರಿದರು.

ಬೈಕು ಎರಡು ಸಲ ಕೆಮ್ಮಿತು, ಒಂದು ಸಲ ಜಿಗಿಯಿತು, ನಿಂತೇಹೋಯಿತು. ಬಾವುಟಕ್ಕೆ ಇನ್ನು ಇಪ್ಪತ್ತು ಮಾರು.

‘ಓಲ್ಡಾನ್!’ ಎಂದು ಕಂಡಕ್ಟರನಿಗಿಂತ ಮೊದಲು ನಾನೇ ಕೂಗಿದೆ. ಬಸ್ಸು ನಿಂತಿತು. ಚೀಲ ಎತ್ತಿಕೊಂಡು ಇಳಿದೆ, ಬಸ್ಸು ಅದರ ಪಾಡಿಗೆ ಮುಂದಕ್ಕೆ ಹೋಯಿತು.

ನಾನು ವಾಪಸು ನಡೆದು ಬಂದಾಗ ಇವರು ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಬಾಟಲಿ ನೋಡುತ್ತಿದ್ದರು. ಕೆಳಗೆ ನೀರು, ಮೇಲೆ ತೇಲುವ ಪೆಟ್ರೋಲ್.

‘ಇದೇನ್ ಉಯ್ದೆ ಅವ್ವ?’ ಇವರ ದನಿ ಅಳುವಂತಿತ್ತು.

‘ಬೆಟ್ಟದ್ ಮಾದಪ್ಪನ್ ತೀರ್ತ ಕಣ್ ಮಗ. ಎಣ್ಣೆ ಮುಗೀತಾ ಬಂತಲ್ಲ ಅಂತ ಉಯ್ದೆ. ನೋಡು, ಬಾಟ್ಲಿ ಎಂಗ್ ತುಂಬ್ಕತು!’

‘ಪೆಟ್ರೋಲ್ಗೆ ಯಾರಾರ ನೀರ್ ಉಯ್ದಾರಾ?’

‘ನೀ ನುಸಿ ಗುಳ್ಗೆ ಆಕ್ದಾಗ ನಾ ಏನಾರ ಅಂದ್ನಾ? ಸರ್ಕಾರದವ್ರು ಕಬ್ಬಿನ್ ಸಾರಾಯಿ ಆಕುದ್ರು, ಸುಮ್ಕಿದ್ದೆ. ಮಾದಪ್ಪನ್ ತೀರ್ತ ಒಂದ್ ಮಾತ್ರ ಬ್ಯಾಡ್ವಾ ನಿನ್ ಗಾಡಿಗೆ?’

ಜೀಪಿನಿಂದ ಇಳಿದವನು ಬಾಟಲಿ ಅಲ್ಲಾಡಿಸಿ ನೋಡಿ, ನಗು ತಡೆದುಕೊಂಡು, ಬೆರಕೆ ಮಾಡಿದ್ದರಿಂದ ಸ್ಪರ್ಧೆಯಿಂದ ಹೊರಗೆ ಎಂದ.

‘ಇನ್ನೂ ಇಪ್ಪತ್ ಮಿಲಿ ಉಳಿದಿತ್ತು ಸಾ’ ಎಂದರು ಇವರು, ಮಗು ಥರ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಮೂರು ವರ್ಷ ಧೂಳು ಕುಡಿದದ್ದು ಇಪ್ಪತ್ತು ಮಾರಿಗೆ ಕೈತಪ್ಪಿತಲ್ಲ ಎಂದು ಪಾಪ ಎನಿಸಿತು.

ಅತ್ತೆ ಆಗಲೇ ಜೀಪಿನ ಮುಂದಿನ ಸೀಟು ಹತ್ತಿ ಕೂತಿದ್ದರು. ‘ನಂಗ ಕೈ ಸೋತೋಯ್ತು. ನಾ ಇವ್ರ್ ಜೊತೇಲಿ ಕೊಳ್ಳೇಗಾಲಕ್ ಓಯ್ತೀನಿ. ನೀ ಪದ್ಮಿನಿಯ ಅವಳಪ್ಪನ್ ಮನೆಗ್ ಕರ್ಕಂಡೋಗು. ಗಂಡ ಇಲ್ದವಳಂಗೆ ಎಷ್ಟ್ ದಿನ ಬಸ್ಸಲ್ಲಿ ತಿರ್ಗಾಡಾಳು?’

ಜೀಪು ತಿರುಗಿತು. ಇವರು ಗಾಡಿಗೆ ಒದ್ದರು, ಒದ್ದರು. ಅದು ಉಸಿರೆತ್ತಲಿಲ್ಲ. ನಾನು ಚೀಲವನ್ನು ಹ್ಯಾಂಡಲಿಗೆ ನೇತುಹಾಕಿದೆ.

‘ರೀ, ಪೆಟ್ರೋಲೇ ಇಲ್ದಿರೋ ಗಾಡೀಲಿ ನಾನು ಕುಂತ್ರೆ ಎಷ್ಟ್ ಮೈಲೇಜ್ ಬೀಳ್ತದೆ?’

ಇವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಅದೇ ಇವರ ಗುಣ.

‘ಏನೂ ಬೀಳಾಕಿಲ್ಲ’ ಎಂದರು.

ಹತ್ತಿ ಕೂತೆ. ಇವರು ಪಕ್ಕದಲ್ಲಿ ಹ್ಯಾಂಡಲ್ ಹಿಡಿದು ನೂಕತೊಡಗಿದರು. ಅರವತ್ತೊಂದು ಕೆಜಿ ಎಂದರೆ ಎಷ್ಟೆಂದು ಅವರಿಗೆ ಆ ದಿನ ಸರಿಯಾಗಿ ತಿಳಿದಿರಬೇಕು, ಆದರೂ ಬಾಯಿ ಬಿಡಲಿಲ್ಲ. ಕೆಂಪು ಬಾವುಟವನ್ನೂ ದಾಟಿದೆವು. ಯಾರೂ ಬರೆದುಕೊಳ್ಳಲಿಲ್ಲ. ನನಗೆ ಮಾತ್ರ ಎಲ್ಲಿಲ್ಲದ ಖುಷಿ. ಹಸಿರು ಸೀರೆಯ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ.

ಗೇಟಿನಲ್ಲಿ ಅಪ್ಪ ನಿಂತಿದ್ದರು. ಬಸ್ಸು ಬಂದು ಹೋದರೂ ಮಗಳು ಇಳಿಯಲಿಲ್ಲವಲ್ಲ ಎಂದು ಗಾಬರಿಯಿಂದ ರಸ್ತೆ ನೋಡುತ್ತಿದ್ದವರು, ನಮ್ಮನ್ನು ಕಂಡು ಓಡಿ ಬಂದರು. ಟೀ ಅಂಗಡಿಯಲ್ಲಿ ಕೂತವರೂ ಎದ್ದು ನಿಂತರು.

‘ಇದ್ಯಾಕ್ ಅಳಿಯಂದ್ರೆ, ನೂಕ್ಕಂಡ್ ಬತ್ತಿದ್ದೀರಿ? ಏನಾಯ್ತು?’

ಸ್ಪರ್ಧೆ, ಅತ್ತೆ, ತೀರ್ಥ, ಗಿರಣಿಯ ತೂಕ, ಎಲ್ಲವನ್ನೂ ಈಗ ಇವರು ಒದರುತ್ತಾರೆ ಎಂದು ನಾನು ತಲೆ ತಗ್ಗಿಸಿದೆ. ಇವರು ಗಾಡಿಗೆ ಸ್ಟ್ಯಾಂಡು ಹಾಕಿ, ಕತ್ತಿನ ಬೆವರು ಒರೆಸಿಕೊಂಡು, ಟೀ ಅಂಗಡಿಯವರಿಗೂ ಕೇಳುವಂತೆ ಹೇಳಿದರು.

‘ಪೆಟ್ರೋಲ್ ಮುಗ್ದೋಯ್ತು ಮಾವ. ಮನೆಯಿಂದ್ಲೂ ಇಬ್ರೂ ಇದ್ರಲ್ಲೇ ಬಂದ್ವಲ್ಲ, ಒಸಿ ಜಾಸ್ತಿ ಕುಡೀತು. ಐವತ್ತೂ ಕೊಡಾಕಿಲ್ಲ ಈ ಗಾಡಿ.’