ಅರವತ್ತು ಸೆಕೆಂಡು

"ಹತ್ತು ನಿಮಿಷ ಇದ್ದಿದ್ದನ್ನ ಒಂದು ನಿಮಿಷ ಮಾಡ್ತಿದೀನಿ ಸಾರ್. ಯಾರೂ ಅಲ್ಲಾಡದಿದ್ರೆ ದೀಪ ತಾನೇ ಆರತ್ತೆ. ಆಗಬಹುದಾ?"

ಏಣಿಯ ಮೇಲಿದ್ದ ಎಲೆಕ್ಟ್ರಿಷಿಯನ್ ಕೇಳಿದ್ದು ಕೆಳಗೆ ಕಂಪ್ಯೂಟರಿನ ಮುಂದೆ ಕುಳಿತವನ ನೆತ್ತಿಯನ್ನು. ಅವನು ಪರದೆಯಿಂದ ಕಣ್ಣು ಕೀಳದೆ, "ಹತ್ತೇ ಇರಲಿ" ಅಂದ.

"ಮೇಲಿನೋರ ಆರ್ಡರ್ ಸಾರ್."

"ಮತ್ತೆ ನನ್ನ ಕೇಳಿದ್ದು ಯಾಕೆ?"

"ಸುಮ್ನೆ, ಮರ್ಯಾದೆಗೆ."

ಆಫೀಸಿನಲ್ಲಿ ಅವನಿಗೆ ‘ಇರಲಿ ಸಾರ್’ ಎಂದೇ ಹೆಸರು. ಹಾಳಾದ ಕೀಬೋರ್ಡು ಎಸೆಯೋಣವೇ ಎಂದರೆ ಇರಲಿ, ಕೆಲಸಕ್ಕೆ ಬಾರದ ಕೋಡ್ ಅಳಿಸೋಣವೇ ಎಂದರೆ ಇರಲಿ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಬರೆಯುವ ಕಂಪನಿ ಅದು. ಅದರಲ್ಲಿ ನೆಟ್‌ವರ್ಕಿನ ಭಾಗ ಹದಿನೆಂಟು ವರ್ಷದಿಂದ ಅವನ ಕೈಯಲ್ಲಿತ್ತು.

ಎರಡು ಯಂತ್ರಗಳು ಮಾತು ಮುಗಿಸಿದರೆ, ಆ ಮಾತಿಗೆಂದು ಹಿಡಿದಿಟ್ಟ ಜಾಗವನ್ನು ಖಾಲಿ ಮಾಡಬೇಕು. ಅವನು ಹನ್ನೆರಡು ವರ್ಷದ ಹಿಂದೆ, ಅರವತ್ತು ಸೆಕೆಂಡು ಕಾದು ಖಾಲಿ ಮಾಡುವಂತೆ ಬರೆದಿದ್ದ. ದಾರಿಯಲ್ಲಿ ತಡವಾದ ಕೊನೆಯ ಮಾತೊಂದು ಬಂದರೆ ಕೇಳಿಸಿಕೊಳ್ಳಲು ಯಾರಾದರೂ ಇರಬೇಕಲ್ಲ. ಆ ಕೆಲಸಕ್ಕೇ ಬಡ್ತಿ ಸಿಕ್ಕಿತ್ತು. ಹೊಸಬರಿಗೆ ಅದನ್ನು ಮುಂದಾಲೋಚನೆಯೆಂದರೆ ಇದು ಎಂದು ತೋರಿಸುತ್ತಿದ್ದರು.

ಈಗ ಅದೇ ಮುಂದಾಲೋಚನೆ ಗ್ರಾಹಕರ ಯಂತ್ರಗಳಿಗೆ ಉಸಿರು ಕಟ್ಟಿಸಿತ್ತು. ಉಂಡು ಎದ್ದು ಹೋದವರ ತಟ್ಟೆ ಎತ್ತದಿದ್ದರೆ ಹೊಸಬರು ಎಲ್ಲಿ ಕೂರಬೇಕು? ಇಂದು ಸಂಜೆ ಐದರೊಳಗೆ ಅವನು ಸರಿಮಾಡಬೇಕು. ಇಲ್ಲದಿದ್ದರೆ ನೆಟ್‌ವರ್ಕಿನ ಭಾಗ ಬೇರೆಯವರ ಪಾಲು.

ತಂಡದ ಮುಖ್ಯಸ್ಥೆ ಅವನಿಗಿಂತ ಹತ್ತು ವರ್ಷ ಚಿಕ್ಕವಳು. ಬಂದು ಮೇಜಿಗೆ ಒರಗಿ ನಿಂತಳು.

"ಏನು ಮಾಡ್ತೀರಿ ಸಾರ್?"

"ಅರವತ್ತನ್ನ ಮೂವತ್ತು ಮಾಡ್ಬಹುದು."

"ಮೂವತ್ತು ಯಾಕೆ ಬೇಕು?"

"ಬೇಕಾಗಬಹುದು."

"ತಡವಾಗಿ ಬಂದಿದ್ದು ಎಷ್ಟಿದೆ ಇಲ್ಲೀವರೆಗೆ?"

"ಎಣಿಸಿಲ್ಲ."

"ಎಣಿಸಿ. ಬಂದ್ರೂ ಏನೀಗ, ಬೇಕಿದ್ದೋರು ಮತ್ತೆ ಕಳಿಸ್ತಾರೆ."

ಹನ್ನೆರಡು ವರ್ಷದಲ್ಲಿ ಅವನು ಒಮ್ಮೆಯೂ ಎಣಿಸಿರಲಿಲ್ಲ. ಗ್ರಾಹಕರ ಒಂದು ಯಂತ್ರದಲ್ಲಿ ಎಣಿಕೆ ಹಾಕಿ ಕುಳಿತ. ಪರದೆಯ ಮೇಲೆ ಎರಡು ಅಂಕಿ. ಮುಗಿದ ಮಾತುಗಳದ್ದು ಒಂದು, ತಡವಾಗಿ ಬಂದವುಗಳದ್ದು ಇನ್ನೊಂದು. ಮೊದಲನೆಯದು ಲಕ್ಷ ದಾಟಿತು. ಎರಡನೆಯದು ಸೊನ್ನೆಯಿಂದ ಕದಲಲಿಲ್ಲ.

ಒಂದು ಗಂಟೆಗೆ ಸರಿಯಾಗಿ ಅಕ್ಕನ ಫೋನ್ ಬಂತು.

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು."

ದಿನದ ಮಾತು ಅಷ್ಟೇ. ಆದರೆ ಯಾರೂ ಫೋನಿಡುವುದಿಲ್ಲ. ಆ ಕಡೆ ನಲ್ಲಿ, ಪಾತ್ರೆ, ಕುರ್ಚಿ ಎಳೆದ ಸದ್ದು. ಈ ಕಡೆ ಕೀಬೋರ್ಡಿನ ಟಕಟಕ. ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಪ್ಪ ಫೋನಿನಲ್ಲಿ "ಇನ್ನೊಂದು ವಿಷಯ" ಅಂದಿದ್ದರು. "ಆಮೇಲೆ ಮಾಡ್ತೀನಿ" ಎಂದು ಇವನು ಇಟ್ಟುಬಿಟ್ಟಿದ್ದ. ಆ ಆಮೇಲೆ ಬರಲಿಲ್ಲ. ಅಪ್ಪ ಅಂದು ಸಂಜೆಯೇ ಹೋದರು. ಅರವತ್ತು ಸೆಕೆಂಡಿನ ಕೋಡ್ ಅವನು ಬರೆದದ್ದು ಅದಾದ ತಿಂಗಳಲ್ಲೇ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೇ ಅವನು ನಂಬಿದ್ದ.

ಮೊದಲ ಅಂಕಿ ನಲವತ್ತು ಲಕ್ಷವಾಗಿತ್ತು. ಎರಡನೆಯದು ಸೊನ್ನೆ.

"ಅಕ್ಕ, ಒಂದು ಕೇಳ್ಲಾ? ಹೀಗೆ ಸುಮ್ನೆ ಇರ್ತೀಯಲ್ಲ, ಏನಾದ್ರೂ ಹೇಳೋಕಿರತ್ತಾ?"

ನಲ್ಲಿ ನಿಂತಿತು. "ಇಲ್ಲಪ್ಪ. ನೀನೇನಾದ್ರೂ ಹೇಳ್ತೀಯೇನೋ ಅಂತ."

"ನೀನು ಹೇಳ್ತೀಯ ಅಂತ ನಾನು."

ಅಕ್ಕ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ.

"ಹನ್ನೆರಡು ವರ್ಷ ಕಣೋ. ಒಂದು ಗಂಟೆಗೆ ನಂಗೆ ಕಣ್ಣು ಎಳೆಯತ್ತೆ. ಎಷ್ಟು ಸಲ ನಿಂತ್ಕೊಂಡೇ ತೂಕಡಿಸಿದೀನಿ, ಗೊತ್ತಾ?"

"ಮಲಕ್ಕೋ ಹೋಗು."

"ನಿಂಗೆ ಬೇಜಾರಿಲ್ವಾ?"

"ಇಲ್ಲ. ಏನಾದ್ರೂ ಇದ್ರೆ ಫೋನ್ ಮಾಡೋಣ."

"ಇಡ್ಲಾ ಹಾಗಾದ್ರೆ?"

"ಇಡು."

ಅವಳು ಇಟ್ಟಳು. ಅವನು ಕಿವಿಗೊಟ್ಟೇ ಇದ್ದ. ಏನೂ ಆಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ. ಎದೆ ಹಗುರಾಗಿತ್ತು, ಹಗುರಾದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ಕಾಯಿಸುವ ಆ ಹನ್ನೊಂದು ಸಾಲು ಕೋಡ್ ಅಳಿಸಲು ಹಿಡಿದದ್ದು ಎರಡು ನಿಮಿಷ. ಮೂರು ಗಂಟೆ ಪರೀಕ್ಷೆ ನಡೆಯಿತು. ಮುಗಿದ ಮಾತಿನ ಜಾಗ ಮುಗಿದ ಕ್ಷಣವೇ ಖಾಲಿ. ಯಂತ್ರ ಸಲೀಸಾಗಿ ಓಡಿತು.

"ಒಂದೂ ಬಂದಿರ್ಲಿಲ್ವಾ?" ಮುಖ್ಯಸ್ಥೆ ಬಗ್ಗಿ ನೋಡಿದಳು.

"ಒಂದೂ ಇಲ್ಲ."

"ಮತ್ತೆ ಇಷ್ಟು ವರ್ಷ ಯಾರಿಗೆ ಕಾಯ್ತಿದ್ವಿ?"

ಅವನು ಕನ್ನಡಕ ಒರೆಸಿಕೊಂಡ. ಅವಳು ಉತ್ತರಕ್ಕೆ ಕಾಯಲಿಲ್ಲ. ಒಪ್ಪಿಗೆಯ ಗುಂಡಿ ಒತ್ತಿ, "ನೆಟ್‌ವರ್ಕ್ ನಿಮ್ಮದೇ ಸಾರ್. ಮನೆಗೆ ಹೋಗಿ, ಆರಾಮಾಗಿ ನಿದ್ದೆ ಮಾಡಿ" ಎಂದು ಚೀಲ ಹೆಗಲಿಗೇರಿಸಿದಳು. ಐದೂವರೆಗೆಲ್ಲ ಕಿಟಕಿಯಿಲ್ಲದ ಆ ಹಾಲಿನಲ್ಲಿ ಅವನೊಬ್ಬನೇ ಉಳಿದ.

ಏಳಬೇಕೆನಿಸಲಿಲ್ಲ. ಪರದೆ ಆರಿಸಿ, ಕೈಗಳನ್ನು ತೊಡೆಯ ಮೇಲಿಟ್ಟು, ಕುರ್ಚಿಗೆ ತಲೆ ಒರಗಿಸಿದ. ಮಾಡಬೇಕಾದ ಕೆಲಸ ಒಂದೂ ಇರಲಿಲ್ಲ. ಬರಬೇಕಾದ ಫೋನೂ ಇರಲಿಲ್ಲ. ಇಷ್ಟು ನಿಶ್ಚಲವಾಗಿ, ಇಷ್ಟು ಸುಖವಾಗಿ ಕುಳಿತು ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಲೂ ಅವನು ಹೋಗಲಿಲ್ಲ.

ಒಂದು ನಿಮಿಷಕ್ಕೆ ದೀಪ ಆರಿತು.

ಕೈ ಎತ್ತಿದ್ದರೆ ಸಾಕಿತ್ತು. ಎತ್ತೋಣವೆಂದುಕೊಂಡ. ಅಷ್ಟರಲ್ಲಿ ಹೊರಗೆ ಕಾವಲುಗಾರನ ಬೂಟಿನ ಸದ್ದಾಯಿತು. ಬಾಗಿಲು ಅರ್ಧ ತೆರೆಯಿತು. ಕತ್ತಲೆಯನ್ನು ಒಮ್ಮೆ ನೋಡಿದ ಕಾವಲುಗಾರ, "ಯಾರೂ ಇಲ್ಲ" ಎಂದು ಯಾರಿಗೋ ಹೇಳಿ ಬಾಗಿಲೆಳೆದುಕೊಂಡ. ಬೀಗದ ಕೈ ಎರಡು ಸುತ್ತು ತಿರುಗಿತು.

ಕೂಗಬೇಕಿತ್ತು. ಇರಲಿ, ಅಂದುಕೊಂಡ.