ಸೆಲ್ ಇಳಿದ ಮಧ್ಯಾಹ್ನ

ಹಮ್ರೊ ಮುದುಕ ಬೆಳಗಿನಿಂದ ಗೊಣಗುತ್ತಲೇ ಇದ್ದ. ಪಂಜಕೆಂಟ್ ಊರಿನ ಹಿಂದಿನ ದಿಬ್ಬದ ಮೇಲಿನ ಹಾಳುಪಟ್ಟಣ ತೋರಿಸಲು ಮುನಿಸಾ ಅವನನ್ನೂ ಅವನ ಹೆಂಡತಿಯನ್ನೂ ಕರೆದೊಯ್ದಾಗ, ಮಳೆಗೆ ಕರಗಿ ಮೊಂಡಾದ ಗೋಡೆಗಳ ನಡುವೆ ನಿಂತು ಸುತ್ತಲೂ ನೋಡಿದ.

"ಏನಮ್ಮಾ, ಖುಜಂದ್‌ನಿಂದ ಇಷ್ಟು ದೂರ ಬಂದಿದ್ದು ಮಣ್ಣು ನೋಡೋಕಾ? ಇದಕ್ಕಿಂತ ಒಳ್ಳೇ ಮಣ್ಣು ನಮ್ಮ ಹಿತ್ತಿಲಲ್ಲೇ ಇದೆ."

"ಇದು ದೊಡ್ಡ ಸಾಹುಕಾರರ ಮನೆ ಬಾಬಾ. ಗೋಡೆ ತುಂಬ ಚಿತ್ರ ಇತ್ತು. ವೀಣೆ ನುಡಿಸೋ ಹೆಂಗಸರು, ಕುದುರೆಗಳು..."

"ಇತ್ತು! ನನ್ನ ತಲೇಲೂ ಕೂದಲಿತ್ತು. ಅದನ್ನ ನೋಡೋಕೆ ಯಾರಾದ್ರೂ ಬರ್ತಾರಾ?"

"ಸ್ವಲ್ಪ ಬಾಯಿ ಮುಚ್ಕೊಂಡು ನೋಡ್ರೀ," ಎಂದಳು ಶರೋಫತ್ ಬೀಬಿ. "ಮದುವೆಯಾದ ವರ್ಷದಿಂದ ಕೇಳ್ತಿದೀನಿ, ಜರಫ್ಶಾನ್ ಕಣಿವೆ ತೋರಿಸಿ ಅಂತ. ಈಗ ಮಂಡಿ ಹೋದ್ಮೇಲೆ ಕರ್ಕೊಂಡು ಬಂದಿದಾರೆ ಮಹರಾಯ್ರು."

"ನಾನೆಲ್ಲಿ ಕರ್ಕೊಂಡು ಬಂದೆ? ನೀನೇ ಎಳ್ಕೊಂಡು ಬಂದಿದ್ದು."

ಮುನಿಸಾಗೆ ಇಂಥ ಅತಿಥಿಗಳೆಂದರೆ ಇಷ್ಟ. ಜಗಳವಾಡುವವರಿಗೆ ದಾರಿ ಬೇಸರವಾಗುವುದಿಲ್ಲ. ಕೆಳಗೆ ನೀವಾ ಕಾರಿಗೆ ಒರಗಿ ನಿಂತಿದ್ದ ಅವಳ ಗಂಡ ಅಶೂರ್ ಕೂಡ ಮೀಸೆಯೊಳಗೇ ನಗುತ್ತಿದ್ದ. ಬೇಸಿಗೆಯಲ್ಲಿ ಅವನು ಹೀಗೆ ನಗುವುದನ್ನು ಅವಳು ನೋಡುತ್ತಿರುವುದು ಇದೇ ಮೊದಲು. ಮದುವೆಯಾದಾಗಿನಿಂದ ಅವನು ಪ್ರತಿ ವಸಂತದಲ್ಲೂ ರಷ್ಯಾಕ್ಕೆ ಹೋಗಿ ಕಟ್ಟಡಗಳಿಗೆ ಇಟ್ಟಿಗೆ ಹೊತ್ತು, ಹಿಮ ಬೀಳುವಾಗ ತಿರುಗಿ ಬರುತ್ತಿದ್ದ. ಈ ವರ್ಷ ಹೊರಟು ನಿಂತವನ ಚೀಲವನ್ನು ಅವಳೇ ಬಿಚ್ಚಿ ಬಟ್ಟೆಗಳನ್ನು ಪೆಟ್ಟಿಗೆಗೆ ಹಾಕಿದ್ದಳು. "ಹೋಗ್ಬೇಡಿ. ಬೆಟ್ಟ ನೋಡೋಕೆ ಜನ ಬರ್ತಿದಾರೆ. ನೀವು ಕಾರು ಓಡಿಸಿ, ನಾನು ತೋರಿಸ್ತೀನಿ." ಹೆಂಡತಿ ಕುಣಿಸಿದ ಹಾಗೆ ಕುಣಿಯುವವನೆಂದು ಅವನ ಅಣ್ಣಂದಿರು ಆಡಿಕೊಂಡರು. ಅಶೂರ್ ಆಡಿಕೊಳ್ಳಲಿ ಅಂದ. ಉಳಿದುಬಿಟ್ಟ.

ಊಟದ ಹೊತ್ತಿಗೆ ಕಬೂದ್ ಸರೋವರ ತಲುಪಿದರು. ಇಕ್ಕೆಲದ ಬೆಟ್ಟಗಳ ನಡುವೆ ನೀರು ಉದ್ದಕ್ಕೆ, ಗಾಢ ನೀಲಿಯಾಗಿ ಮಲಗಿತ್ತು. ಖುರ್ಸಂದ್‌ನ ಚಹಾದಂಗಡಿ ಇರುವುದು ದಡದ ಮೇಲೆ, ಬೆಟ್ಟದಿಂದ ಇಳಿದು ಬರುವ ಒಣ ಕೊರಕಲಿನ ಬಾಯಲ್ಲಿ. ಹಿಪ್ಪುನೇರಳೆ ಮರಗಳ ನೆರಳಿನಲ್ಲಿ ಅಗಲದ ಮರದ ಮಂಚ, ಅದರ ಮೇಲೆ ಜಮಖಾನ, ನಡುವೆ ತಟ್ಟೆ ಬಟ್ಟಲು. ಶುರ್ಬೊ ಸಾರಿಗೆ ರೊಟ್ಟಿ ಮುರಿದು ಹಾಕಿಕೊಂಡು ತಿಂದ ಮೇಲೆ ಹಮ್ರೊ ದಿಂಬಿಗೆ ಒರಗಿ, "ಇದು ನೋಡೋಂಥ ಜಾಗ," ಎಂದು ಮೊದಲ ಸಲ ಒಪ್ಪಿಕೊಂಡ.

ಶರೋಫತ್ ಬೀಬಿಗೆ ಅಷ್ಟು ಸಾಲದು. ಕೊರಕಲಿನ ಆಚೆ, ಬಂಡೆಯ ಬಿರುಕಿನಿಂದ ನೀರು ಚಿಮ್ಮುವ ಊಟೆಯೊಂದಿದೆ ಎಂದು ಯಾರೋ ಹೇಳಿದ್ದರು.

"ನೀರಿನ ಪಕ್ಕ ಕೂತ್ಕೊಂಡು ನೀರು ನೋಡೋಕೆ ಹೋಗ್ತಾಳಂತೆ," ಎಂದ ಹಮ್ರೊ. "ಹೋಗ್ಬಾ. ನಾನೂ ಈ ಹುಡುಗನೂ ಚದುರಂಗ ಆಡ್ತೀವಿ. ಏನಪ್ಪಾ, ಸೋಲೋಕೆ ರೆಡಿನಾ?"

ಮುನಿಸಾ ಮೇಲೆ ನೋಡಿದಳು. ಶಿಖರಗಳ ಬೆನ್ನಿಗೆ ಮೋಡ ಕಪ್ಪಾಗಿ ನಿಂತಿತ್ತು. "ಅದು ಆಚೆ ಕಣಿವೆ ಮಳೆ ಕಣಮ್ಮಾ, ಇಲ್ಲಿಗೆ ಬರಲ್ಲ," ಎಂದ ಖುರ್ಸಂದ್. ಅವಳು ಬೀಬಿಯ ಕೈ ಹಿಡಿದುಕೊಂಡು ಕೊರಕಲಿನ ಒಣಗಲ್ಲುಗಳನ್ನು ದಾಟಿದಳು.

ಊಟೆಯ ಹತ್ತಿರ ಮುದುಕಿ ಮಗುವಾದಳು. ತಲೆಯ ರುಮಾಲು ಬಿಚ್ಚಿ, ಮುಖಕ್ಕೆ ತಲೆಗೆ ನೀರು ಎರಚಿಕೊಂಡು, "ಅಬ್ಬಾ, ಹಲ್ಲು ಜುಮ್ ಅಂತು ನೋಡು," ಎಂದು ನಕ್ಕಳು. ಅದೇ ಹೊತ್ತಿಗೆ ಎಲ್ಲಿಂದಲೋ ಗಡಗಡ ಸದ್ದು. ಗುಡುಗಾದರೆ ನಿಲ್ಲಬೇಕಿತ್ತು. ಇದು ನಿಲ್ಲಲಿಲ್ಲ, ಹೆಚ್ಚುತ್ತ ಬಂತು. ಕಾಲಡಿಯ ನೆಲ ನಡುಗಿತು. ಗಾಳಿಯಲ್ಲಿ ಹಸಿಮಣ್ಣಿನ ವಾಸನೆ ರಪ್ಪನೆ ಬಡಿಯಿತು.

"ಸೆಲ್!" ಎಂದು ಮುನಿಸಾ ಕಿರುಚಿದಳು. "ಅಶೂರ್! ಸೆಲ್ ಬಂತು!"

ಅಷ್ಟು ದೂರಕ್ಕೆ ಅವಳ ದನಿ ಎಲ್ಲಿ ಮುಟ್ಟಬೇಕು. ಮೇಲೆ ಸುರಿದ ಮಳೆಗೆ ಬೆಟ್ಟ ಕರಗಿ, ಬೆಟ್ಟದವರು ಸೆಲ್ ಎನ್ನುವ ಕೆಸರಿನ ಪ್ರವಾಹ ಕಂದು ಗೋಡೆಯಾಗಿ ಕೊರಕಲಿನಲ್ಲಿ ಧುಮುಕುತ್ತಿತ್ತು. ಅದರೊಳಗೆ ಮನೆಯಷ್ಟು ದೊಡ್ಡ ಬಂಡೆಗಳು ಬೆಂಡಿನ ಹಾಗೆ ತೇಲುತ್ತಿದ್ದವು. ಹಿಪ್ಪುನೇರಳೆ ಮರಗಳು ಒಂದರ ಮೇಲೊಂದು ಬಾಗಿದವು. ಚಹಾದಂಗಡಿಯ ತಗಡಿನ ಮಾಡು ಒಮ್ಮೆ ಗರಗರ ತಿರುಗಿ ಸರೋವರಕ್ಕೆ ಹೋಯಿತು. ಆಮೇಲೆ ಅಲ್ಲಿ ಮಂಚವಿರಲಿಲ್ಲ, ಮರವಿರಲಿಲ್ಲ, ದಡವೂ ಇರಲಿಲ್ಲ.

ಶರೋಫತ್ ಬೀಬಿ ಬಿಚ್ಚಿದ ರುಮಾಲನ್ನು ಬಾಯಿಗೆ ಒತ್ತಿ ಹಿಡಿದು ಕುಸಿದು ಕುಳಿತಳು.

ಮುನಿಸಾ ಕೊರಕಲಿನ ಅಂಚಿಗೆ ಓಡಿದಳು. ಕೆಸರು ಇನ್ನೂ ಹರಿಯುತ್ತಿತ್ತು. ಒಂದು ಕಾಲಿಟ್ಟಳು, ಮಂಡಿಯವರೆಗೆ ಇಳಿಯಿತು. ಒದ್ದಾಡಿ ಎಳೆದುಕೊಂಡಾಗ ಒಂದು ಚಪ್ಪಲಿ ಒಳಗೇ ಉಳಿಯಿತು. ಫೋನಿಗೆ ಇಲ್ಲಿ ಸಿಗ್ನಲ್ ಇಲ್ಲವೆಂದು ಗೊತ್ತಿದ್ದೂ ಮತ್ತೆ ಮತ್ತೆ ಒತ್ತಿದಳು. ಉಳಿದದ್ದು ಒಂದೇ ದಾರಿ, ಸರೋವರವನ್ನು ಆಚೆ ದಡದಿಂದ ಪೂರ್ತಿ ಸುತ್ತಿ ಹೋಗುವುದು. ಆಡು ನಡೆಯುವ ದಾರಿ, ಕೆಲವೆಡೆ ಬರೀ ಜಾರುವ ಜಲ್ಲಿ.

"ಬೀಬಿ, ಇಲ್ಲೇ ಈ ಬಂಡೆ ಕೆಳಗೆ ಕೂತಿರಿ. ನಾನು ಓಡ್ತೀನಿ. ಯಾರನ್ನಾದ್ರೂ ಕಳಿಸ್ತೀನಿ."

ಮುದುಕಿ ಅವಳ ಅಂಗಿಯ ಚುಂಗು ಹಿಡಿದಳು. "ನಾನಿಲ್ಲಿ ಕೂರಲ್ಲ. ತೆವಳ್ಕೊಂಡಾದ್ರೂ ಬರ್ತೀನಿ."

"ಆಗಲ್ಲ ನಿಮ್ಮ ಕೈಲಿ!"

"ಬಿಟ್ಟು ಹೋಗ್ಬೇಡ ಮಗಳೇ."

ಮೇಲೆ ಮತ್ತೆ ಗುಡುಗಿತು. ಇನ್ನೊಂದು ಸೆಲ್ ಈ ಬದಿಗೆ ಇಳಿದರೆ ಈ ಬಂಡೆಯೂ ಉಳಿಯುವುದಿಲ್ಲ. ಮುನಿಸಾ ಹಲ್ಲು ಕಚ್ಚಿ ಅವಳನ್ನು ಎಬ್ಬಿಸಿದಳು.

ಆ ದಾರಿಯಲ್ಲಿ ನಡೆದದ್ದನ್ನು ನಡಿಗೆ ಎನ್ನಲಾಗದು. ನಾಲ್ಕು ಹೆಜ್ಜೆಗೊಮ್ಮೆ ಬೀಬಿಯ ಮಂಡಿ ಕೈಕೊಡುತ್ತಿತ್ತು. ಜಲ್ಲಿ ಜಾರುವಲ್ಲಿ ಮುನಿಸಾ ಅವಳನ್ನು ಬೆನ್ನ ಮೇಲೆ ಹೊತ್ತಳು, ಇಬ್ಬರೂ ಬಿದ್ದರು, ಅಂಗೈ ಸುಲಿಯಿತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ನೀರಿನಾಚೆ ಎಲ್ಲ ಕಾಣುತ್ತಿತ್ತು. ಮೇಲಿನ ಊರಿನವರು ಸನಿಕೆ ಹಿಡಿದು ಓಡಿ ಬಂದರು. ಇರುವೆಗಳ ಹಾಗೆ ಒಂದೇ ಜಾಗದಲ್ಲಿ ಗುಂಪಾಗಿ ಬಗ್ಗಿದರು. ಜೀವವಿದೆಯೆಂದು ಅಗೆಯುತ್ತಿದ್ದಾರೋ, ಹೆಣಕ್ಕಾಗಿ ಅಗೆಯುತ್ತಿದ್ದಾರೋ, ಇಲ್ಲಿಂದ ತಿಳಿಯುವಂತಿರಲಿಲ್ಲ. ಇಬ್ಬರಲ್ಲಿ ಯಾರಿಗಾಗಿ ಅನ್ನುವುದೂ ತಿಳಿಯುವಂತಿರಲಿಲ್ಲ. ಅಗೆಯುತ್ತಿರುವುದು ಅಶೂರ್‌ಗಾಗಿಯೇ ಇರಲಿ ಎಂದು ಬೇಡುವುದೋ, ಇರದಿರಲಿ ಎಂದು ಬೇಡುವುದೋ?

ರಷ್ಯಾದಲ್ಲಿದ್ದಿದ್ದರೆ ಈ ಹೊತ್ತಿಗೆ ಯಾವುದೋ ಗೋಡೆಯ ಮೇಲೆ ನಿಂತು ಬೆವರು ಒರೆಸಿಕೊಳ್ಳುತ್ತಿರುತ್ತಿದ್ದ. ಚೀಲ ಬಿಚ್ಚಿದ ಕೈ ನನ್ನದೇ.

ಬೀಬಿ ಮತ್ತೆ ಕುಳಿತಾಗ ಮುನಿಸಾಳ ತಾಳ್ಮೆ ಕಡಿದುಹೋಯಿತು.

"ಎಲ್ಲ ನಿಮ್ಮಿಂದ! ಊಟೆ ನೋಡ್ಬೇಕಿತ್ತಾ ನಿಮಗೆ? ನೀರು ಕಂಡಿರಲಿಲ್ವಾ ಜೀವಮಾನದಲ್ಲಿ? ಅಲ್ಲಿ ನನ್ನ ಗಂಡ ಸಾಯ್ತಿದಾನೆ, ನಾನಿಲ್ಲಿ ನಿಮ್ಮನ್ನ ಹೊತ್ಕೊಂಡು ಕೂತಿದೀನಿ!"

ಬೀಬಿ ತಲೆಯೆತ್ತಲಿಲ್ಲ. "ಹೋಗು ಹಾಗಾದ್ರೆ," ಎಂದಳು.

ಮುನಿಸಾ ಹೋದಳು. ಹಿಂದೆ ನೋಡದೆ, ಬರಿಗಾಲಿಗೆ ಕಲ್ಲು ಚುಚ್ಚುತ್ತಿದ್ದರೂ ಓಡಿದಳು. ದಾರಿಯ ತಿರುವಿನಲ್ಲಿ ಉಸಿರು ಕಟ್ಟಿ ನಿಲ್ಲಬೇಕಾಯಿತು. ಹಿಂದಿನಿಂದ ಯಾರೂ ಕರೆದಿರಲಿಲ್ಲ. ತಿರುಗಿ ನೋಡಿದರೆ, ಮುದುಕಿ ಕೈ ಮಂಡಿ ಊರಿ ಜಲ್ಲಿಯ ಮೇಲೆ ಅಡ್ಡಡ್ಡ ತೆವಳುತ್ತಿದ್ದಳು. ಕೆಳಗೆ ನೇರ ನೀರು. ಒಂದು ಕೈ ಜಾರಿದರೆ ಮುಗಿಯಿತು. ಬಾಯಿ ಬಿಗಿದುಕೊಂಡು ಒಂದೊಂದೇ ಅಂಗೈ ಮುಂದಿಟ್ಟು ಬರುತ್ತಿದ್ದಳು.

ಮುನಿಸಾ ಅಳುತ್ತ, ಬೈಯುತ್ತ, ತನ್ನನ್ನೂ ಮುದುಕಿಯನ್ನೂ ಬೆಟ್ಟವನ್ನೂ ಶಪಿಸುತ್ತ ವಾಪಸ್ಸು ಹೋದಳು. "ಹತ್ತಿ ಬೆನ್ನಿಗೆ. ಕತ್ತು ಹಿಸುಕ್ಬೇಡಿ, ಹೆಗಲು ಹಿಡ್ಕೊಳ್ಳಿ."

ಬಿಸಿಲು ಬೆಟ್ಟದ ತುದಿಗೆ ಏರಿದ್ದಾಗ ಅವರು ಈಚೆ ದಡ ಸೇರಿದರು. ಕೆಸರಿನ ಬಯಲಿನ ನಡುವೆ ಜನ ದಾರಿ ಬಿಟ್ಟರು.

ಅಶೂರ್ ಬದುಕಿದ್ದ. ಎದೆಯವರೆಗೆ ಕೆಸರಿನಲ್ಲಿ ಹೂತಿದ್ದ. ಎಲ್ಲಿಂದಲೋ ಹರಿದು ಬಂದ ನೀರು ಸುತ್ತ ಮಡುಗಟ್ಟಿ ಗಲ್ಲದವರೆಗೆ ಏರಿತ್ತು. ಕಿತ್ತು ಬಂದ ಬಾಗಿಲೊಂದರ ಮೇಲೆ ಹಮ್ರೊ ಬೋರಲು ಮಲಗಿ, ಎರಡೂ ಅಂಗೈಗಳಿಂದ ಅವನ ಗಲ್ಲವನ್ನು ನೀರಿನ ಮೇಲೆ ಎತ್ತಿ ಹಿಡಿದಿದ್ದ. ಮುದುಕನ ತೋಳು ಗಡಗಡ ನಡುಗುತ್ತಿತ್ತು, ಬಾಯಿ ಮಾತ್ರ ನಿಂತಿರಲಿಲ್ಲ.

"ಕಣ್ಣು ಮುಚ್ಬೇಡ ಕಳ್ಳಾ. ನಿನ್ನ ಕುದುರೆ ಎಲ್ಲಿತ್ತು ಹೇಳು. ಹಲಗೆ ಕೊಚ್ಕೊಂಡು ಹೋದ್ರೆ ಆಟ ಮುಗೀತಾ? ನನ್ನ ಮಂತ್ರಿಗೆ ಶಹ ಕೊಟ್ಟುಬಿಟ್ಟೆ ಅಂದ್ಕೊಂಡೆಯಾ?"

"ರಾಜನಿಗೆ... ಶಹ ಕೊಡೋದು ಬಾಬಾ," ಎಂದ ಅಶೂರ್, ತುಟಿ ನೀಲಿಗಟ್ಟಿತ್ತು. "ಮಂತ್ರಿಗಲ್ಲ."

"ನೋಡ್ರೋ, ಇನ್ನೂ ಪಾಠ ಹೇಳ್ತಾನೆ!"

ಸದ್ದು ಕೇಳಿದ ಕೂಡಲೇ ಅಶೂರ್ ಮುದುಕನನ್ನು ಕಂಕುಳಲ್ಲಿ ಹಿಡಿದೆತ್ತಿ ರಸ್ತೆ ಬದಿಯ ಕಲ್ಲುಗೋಡೆಯ ಮೇಲಕ್ಕೆ ನೂಕಿದ್ದನಂತೆ. ತಾನು ಹತ್ತುವಷ್ಟರಲ್ಲಿ ಕೆಸರು ಬಂದಿತ್ತು. "ಕಾಲಿನ ಮೇಲೆ ಬಂಡೆ ಕೂತಿದೆ," ಎಂದ, ಹೇಗೋ ರಸ್ತೆಗೆ ಓಡಿ ಉಳಿದುಕೊಂಡಿದ್ದ ಖುರ್ಸಂದ್. "ಹಾರೆ ಹಾಕಿ ಮೀಟಿದ್ರೆ ಹಾರೆ ಕೆಸರಿಗೆ ಇಳೀತಿದೆ. ಏಳ್ತಿಲ್ಲ."

"ಜ್ಯಾಕ್," ಎಂದಳು ಮುನಿಸಾ. "ಕಾರಿನ ಜ್ಯಾಕ್."

"ಕೀಲಿ ಅವನ ಜೇಬಲ್ಲಿದೆಯಲ್ಲ, ಕೆಸರೊಳಗೆ—"

ಅವಳು ಆಗಲೇ ಮೇಲೆ ರಸ್ತೆಯಲ್ಲಿ ನಿಲ್ಲಿಸಿದ್ದ ಕಾರಿನತ್ತ ಓಡಿದ್ದಳು. ಕಲ್ಲೆತ್ತಿ ಗಾಜು ಒಡೆದು, ಸೀಟಿನಡಿಯಿಂದ ಜ್ಯಾಕನ್ನು ಎಳೆದು ತಂದಳು. ಹಲಗೆಗಳನ್ನು ಒಂದರ ಮೇಲೊಂದು ಒತ್ತಿ ಗಟ್ಟಿ ಮಾಡಿ ಅದರ ಮೇಲೆ ಜ್ಯಾಕ್ ಇಟ್ಟರು. ಅವಳು ಕತ್ತಿನವರೆಗೆ ಇಳಿದು, ಕಾಣದ ಬಂಡೆಯ ಅಂಚನ್ನು ಬೆರಳಿನಿಂದ ತಡಕಿ ತೋರಿಸಿದಳು. ಬಂಡೆ ಒಂದು ಗೇಣು ಎದ್ದಿತು. ಅಶೂರ್ ಕೂಗಿದ ಕೂಗಿಗೆ ಬೆಟ್ಟ ಮಾರ್ದನಿಗೊಟ್ಟಿತು. ಎಂಟು ಹತ್ತು ಜನ ಅವನ ಕಂಕುಳಿಗೆ ಹಗ್ಗ ಬಿಗಿದು ಎಳೆದರು. ಹೊರಗೆ ಬಂದ ಮೇಲೆ ಹಮ್ರೊನ ಕೈಗಳನ್ನು ಬಿಡಿಸಲು ಇಬ್ಬರು ಬೇಕಾದರು. ಬೆರಳು ಮಡಚಲು ಬರದಂತೆ ಸೆಟೆದುಹೋಗಿದ್ದವು. ಶರೋಫತ್ ಬೀಬಿ ಆ ಕೈಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ಉಜ್ಜುತ್ತ ಕುಳಿತಳು. ಬೈಯಲಿಲ್ಲ. ಹೆಂಡತಿ ಬೈಯದೆ ಇದ್ದದ್ದನ್ನು ಕಂಡು ಮುದುಕ ಅತ್ತುಬಿಟ್ಟ.

ಪಂಜಕೆಂಟ್‌ನ ಆಸ್ಪತ್ರೆಯಲ್ಲಿ ಅಶೂರ್‌ನ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ತುಂಬ ಹೊತ್ತು ರಕ್ತ ಓಡಿರಲಿಲ್ಲ, ಉಳಿಸಲಾಗಲಿಲ್ಲ ಎಂದರು ಡಾಕ್ಟರು. ಸರೋವರದ ರಸ್ತೆ ಆ ಬೇಸಿಗೆಯಿಡೀ ತೆರೆಯಲಿಲ್ಲ. ಮುನಿಸಾಳ ಹತ್ತಿರ ಯಾವ ಅತಿಥಿಯೂ ಬರಲಿಲ್ಲ, ಬಂದಿದ್ದರೂ ಅವಳು ಹೋಗುತ್ತಿರಲಿಲ್ಲ. ಆದರೆ ಖುಜಂದ್‌ನ ದಂಪತಿಗಳು ಊರಿಗೆ ತಿರುಗಿ ಹೋಗಲಿಲ್ಲ. ಆಸ್ಪತ್ರೆಯ ಎದುರು ಒಂದು ಕೋಣೆ ಹಿಡಿದರು. ಹಮ್ರೊ ದಿನವೂ ಮಂಚದ ಪಕ್ಕ ಕುಳಿತು, ಆಟದಲ್ಲಿ ಮೋಸ ಮಾಡುತ್ತ, ಸಿಕ್ಕಿಬಿದ್ದಾಗ ಕಿವುಡನಂತೆ ನಟಿಸುತ್ತಿದ್ದ. ಅಶೂರ್ ಕೆಲವು ದಿನ ನಗುತ್ತಿದ್ದ, ಕೆಲವು ದಿನ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ.

ಒಂದು ಬೆಳಿಗ್ಗೆ ಬೀಬಿ ಬಿಸಿ ಶುರ್ಬೊ ತಂದಿದ್ದಳು. ಹೊರಗಿನ ಬೆಂಚಿನ ಮೇಲೆ ಮುನಿಸಾಗೆ ಬಟ್ಟಲು ಕೊಟ್ಟು, ಪಕ್ಕದಲ್ಲಿ ಕುಳಿತು, ನೆಲ ನೋಡುತ್ತ ಕೇಳಿದಳು.

"ನನ್ನಿಂದ ತಡ ಆಯ್ತು ಅಲ್ವಾ? ನೀನೊಬ್ಬಳೇ ಓಡಿ ಬಂದಿದ್ರೆ ಜ್ಯಾಕು ಬೇಗ ಸಿಗ್ತಿತ್ತು. ಕಾಲು ಉಳೀತಿತ್ತು."

ಇಲ್ಲ ಬೀಬಿ ಎನ್ನುವುದು ಬಾಯಿಯವರೆಗೆ ಬಂತು. ಮುದುಕಿಯ ಅಂಗೈಗಳ ಮೇಲೆ ಜಲ್ಲಿ ಕೊರೆದ ಗಾಯಗಳು ಇನ್ನೂ ಕಪ್ಪಗಿದ್ದವು.

"ಹೌದು ಬೀಬಿ," ಎಂದಳು ಮುನಿಸಾ. "ಉಳೀತಿತ್ತೇನೋ."

ಬೀಬಿ ತಲೆಯಾಡಿಸಿದಳು. ಮುನಿಸಾ ತನ್ನ ರೊಟ್ಟಿಯನ್ನು ಮುರಿದು ಅರ್ಧ ಮುದುಕಿಯ ಕೈಗಿಟ್ಟಳು. ಬೀಬಿ ಬೇಡ ಅನ್ನದೆ ತಿಂದಳು. ಒಳಗಿನಿಂದ ಅಶೂರ್ ನೀರು ಕೇಳಿದ. ಮುನಿಸಾ ಬಟ್ಟಲನ್ನು ಬೆಂಚಿನ ಮೇಲಿಟ್ಟು ಎದ್ದು ಹೋದಳು.